ಬ್ಯಾಟರಿಯ ಹಣೆಗೆ ವಿಭೂತಿ

ಬೇರೆ ಅಂಗಡಿಗಳಿಗೆ ಗಿರಾಕಿಗಳು ಬರುತ್ತಾರೆ, ಬೇಕಾದ್ದನ್ನು ಕೊಳ್ಳುತ್ತಾರೆ, ಹೋಗುತ್ತಾರೆ. ನನ್ನ ಅಂಗಡಿಗೆ ಬಂದವರು ಮಾತ್ರ ನನ್ನ ತಲೆ ತಿನ್ನದೆ ಮೆಟ್ಟಿಲಿಳಿಯುವುದಿಲ್ಲ. ಅಪರೂಪಕ್ಕೊಮ್ಮೆ ಆದರೆ ನಕ್ಕು ಸುಮ್ಮನಾಗಬಹುದು. ದಿನಾ ಬಾಗಿಲು ತೆಗೆದರೆ ಇದೇ ಆದರೆ ಏನು ಮಾಡಬೇಕು?

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಅಂಗಡಿಯಿದೆ. ವೈರಿಲ್ಲದೆ ಬ್ಯಾಟರಿಯಿಂದ ನಡೆಯುವ ಡ್ರಿಲ್, ಗರಗಸ, ಗ್ರೈಂಡರ್, ಅವುಗಳ ಬ್ಯಾಟರಿ, ಚಾರ್ಜರ್, ಇಷ್ಟು ಮಾರುತ್ತೇನೆ. ನಮ್ಮಪ್ಪ ಬಾಣಾವರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದವರು. ಅವರ ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡಿದವಳು ನಾನು, ಹಾಗಾಗಿ ಕರೆಂಟಿನ ಸಹವಾಸ ಚಿಕ್ಕಂದಿನಿಂದಲೇ ಇದೆ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ಅವರು ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಕುಲುಕಿ ಅದು ಯಾವ ಊರಿನ ತೋಟದ್ದು ಅಂತ ಹೇಳಬಲ್ಲರು. ಬ್ಯಾಟರಿ ಕೈಗೆ ಕೊಟ್ಟರೆ ಅದನ್ನೂ ಕುಲುಕುತ್ತಾರೆ.

ಅಂಗಡಿಯ ನೆತ್ತಿಯ ಮೇಲೆ ಕಂಪನಿಯ ಬೋರ್ಡಿದೆ. ಆ ಬೋರ್ಡು ಇದ್ದರೆ ಮಾಲು ನೇರವಾಗಿ ಬರುತ್ತದೆ, ವಾರಂಟಿ ಕೊಡುವ ಅಧಿಕಾರವೂ ಇರುತ್ತದೆ. ಅದು ಹೋದರೆ ನಾನು ಮೊಳೆ, ಚಿಲಕ ಮಾರಿಕೊಂಡು ಕೂರಬೇಕು. ಈಚೆಗೆ ಆ ಬೋರ್ಡಿಗೇ ಕುತ್ತು ಬಂದಿತ್ತು. ಗಿರಾಕಿಗಳು ಚಾರ್ಜ್ ನಿಲ್ಲುತ್ತಿಲ್ಲ ಅಂತ ತಂದುಕೊಟ್ಟ ಬ್ಯಾಟರಿಗಳನ್ನು ನಾನು ಪರೀಕ್ಷೆಗೆ ಅಂತ ಬೆಂಗಳೂರಿಗೆ ಕಳಿಸುತ್ತೇನೆ. ಅಲ್ಲಿಂದ ಒಂದೂ ಬದುಕಿ ಬರುವುದಿಲ್ಲ. ಬ್ಯಾಟರಿ ಸತ್ತಿದೆ, ಬಳಸಿದವರದೇ ತಪ್ಪು, ವಾರಂಟಿ ಇಲ್ಲ ಅನ್ನುವ ಉತ್ತರ ಬರುತ್ತದೆ. ಗಿರಾಕಿ ಬಂದು ನನ್ನನ್ನು ಬೈಯುತ್ತಾನೆ. ಅದರ ಮೇಲೆ ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಮಾಡಿ, ನಿಮ್ಮ ಅಂಗಡಿಯ ದೂರುಗಳು ಅತಿಯಾದವು, ನಾನೇ ಬಂದು ನೋಡುತ್ತೇನೆ, ಸರಿಕಾಣದಿದ್ದರೆ ಬೋರ್ಡು ಬಿಚ್ಚಿ ತಿಪಟೂರಿನವರಿಗೆ ಕೊಡುತ್ತೇನೆ ಅಂದ. ಬ್ಯಾಟರಿ ಕೆಡಿಸುವವರು ಯಾರೋ, ಬೈಸಿಕೊಳ್ಳುವವಳು ನಾನು. ಯಾವ ನ್ಯಾಯ ಇದು? ನನ್ನ ಗಿರಾಕಿಗಳು ಎಂಥವರು ಅಂತ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ಬೆಂಚಿನ ಮೇಲೆ ಕೂತವರು

ಜಾವಗಲ್ ಕಡೆಯ ತೆಂಗಿನ ತೋಟದವರೊಬ್ಬರು ಬಂದರು. ಮಡಿ ಪಂಚೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲ್ಲು. ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ, ನನ್ನನ್ನೂ ನೋಡಿ, "ಯಜಮಾನ್ರು ಇಲ್ವೇನಮ್ಮ?" ಅಂದರು.

ಈ ಅಂಗಡಿಗೆ ನಾನೇ ಯಜಮಾನಿ, ಏನು ಬೇಕು ಹೇಳಿ ಅಂದೆ. ಅವರು ಸಣ್ಣ ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕು, ಪರವಾಗಿಲ್ಲ, ಬರಲಿ, ಅವಸರ ಇಲ್ಲ ಅಂತ ಬೆಂಚಿನ ಮೇಲೆ ಕೂತರು.

ಅವರಿಗೆ ಬೇಕಾಗಿದ್ದದ್ದು ತೆಂಗಿನ ಗರಿ ಕಡಿಯುವ ಉದ್ದ ಕೋಲಿನ ಗರಗಸಕ್ಕೆ ಬ್ಯಾಟರಿ ಅಂತ ಅವರು ಫೋನಿನಲ್ಲಿ ಯಾರಿಗೋ ಹೇಳುವಾಗ ನನಗೆ ಗೊತ್ತಾಯಿತು. ಬಾಯಿ ತಡೆಯದೆ ಕೌಂಟರಿನಿಂದಲೇ ಹೇಳಿದೆ. ಕೋಲನ್ನು ಮೇಲೆತ್ತಿ ಹಿಡಿಯಬೇಕು, ದೊಡ್ಡ ಬ್ಯಾಟರಿ ಹಾಕಿದರೆ ತೋಳು ಬಿದ್ದುಹೋಗುತ್ತದೆ, ಸಣ್ಣವೇ ಎರಡು ತಗೊಳ್ಳಿ, ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಚಾರ್ಜಿಗೆ ಇರಲಿ ಅಂದೆ. ಅವರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದರು.

ಮಧ್ಯಾಹ್ನ ನಮ್ಮವರು ಊಟಕ್ಕೆ ಕರೆಯಲು ಬಂದರು. ಜಾವಗಲ್ಲಿನವರು ಎದ್ದು ಕೈಮುಗಿದು ತಮ್ಮ ಸಮಸ್ಯೆಯನ್ನೆಲ್ಲ ಒಪ್ಪಿಸಿದರು. ನಮ್ಮವರು ಗಂಭೀರವಾಗಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಏನೇ ಇದು?" ಅಂದರು. ನಾನು ಮೊದಲು ಹೇಳಿದ್ದನ್ನೇ ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದೆ. ನಮ್ಮವರು ಅವರ ಕಡೆ ತಿರುಗಿ ಅದನ್ನೇ ಒಂದಕ್ಷರ ಬಿಡದೆ ಒಪ್ಪಿಸಿದರು. ತೋಳು ಬಿದ್ದುಹೋಗುತ್ತದೆ ಅನ್ನುವುದನ್ನು ತೋಳು ತೋರಿಸಿಯೇ ಹೇಳಿದರು.

ಜಾವಗಲ್ಲಿನವರ ಮುಖ ಅರಳಿತು. "ನೋಡಿ, ಗೊತ್ತಿರೋರು ಹೇಳಿದ್ರೆ ಒಂದೇ ಮಾತ್ಗೆ ಅರ್ಥ ಆಯ್ತದೆ" ಅಂದರು. ಆಮೇಲೆ ನನಗೆ ಬುದ್ಧಿಮಾತು. "ನೀವೂ ಕೇಳಿಸ್ಕಂಡ್ರೇನಮ್ಮ? ನಾಳೆ ಯಾರಾದ್ರೂ ಬಂದ್ರೆ ನಿಮಗೇ ಹೇಳಕ್ಕಾಯ್ತದೆ."

ವೈರಿನ ಆಸೆ

ಬೇಲೂರಿನ ಮೇಷ್ಟರೊಬ್ಬರು ಮೊಬೈಲಿನಲ್ಲಿ ಅರ್ಧ ಬೆಲೆಗೆ ಡ್ರಿಲ್ ತರಿಸಿಕೊಂಡರು. ಡಬ್ಬ ಬಿಚ್ಚಿದರೆ ಬರೀ ಡ್ರಿಲ್. ಬ್ಯಾಟರಿಯೂ ಇಲ್ಲ, ಚಾರ್ಜರೂ ಇಲ್ಲ. ಅರ್ಧ ಬೆಲೆ ಯಾಕೆ ಅಂತ ಆಗ ಅವರಿಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಬಸ್ಸು ಹತ್ತಿ ಅರಸೀಕೆರೆಗೆ ಬಂದು, ನಿಮ್ಮ ಕಂಪನಿಯವರು ಮೋಸ ಮಾಡಿದ್ದಾರೆ, ಬ್ಯಾಟರಿ ಕೊಡಿ ಅಂತ ನನ್ನ ಮೇಲೆ ಎಗರಾಡಿದರು.

ಡಬ್ಬದ ಮೇಲೇ ಬರೆದಿದೆಯಲ್ಲ ಸಾರ್, ಬ್ಯಾಟರಿ ಚಾರ್ಜರ್ ಸೇರಿಲ್ಲ ಅಂತ, ಓದಲಿಲ್ಲವೇ ಅಂದೆ. ಅಕ್ಷರ ಸಣ್ಣದಾಗಿದೆ ಅಂದರು. ಬ್ಯಾಟರಿ, ಚಾರ್ಜರ್ ಸೇರಿಸಿದರೆ ಡ್ರಿಲ್ಲಿಗಿಂತ ಜಾಸ್ತಿಯಾಗುತ್ತದೆ ಅಂತ ಹೇಳಿದೆ. ಅವರು ಡ್ರಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. ವೈರಿನ ತೊಡಕು ಬೇಡ ಅಂತಲೇ ಬ್ಯಾಟರಿಯದನ್ನು ತರಿಸಿದ್ದು ಅಂತ ಆಗಷ್ಟೇ ನನಗೆ ಹೇಳಿದ್ದ ಮನುಷ್ಯ, ಮೆತ್ತಗಿನ ದನಿಯಲ್ಲಿ ಕೇಳಿದರು:

"ಬ್ಯಾಟರಿ ಬೇಡ ಬಿಡಿ. ಇದಕ್ಕೊಂದು ವೈರು, ಪಿನ್ನು ಹಾಕ್ಕೊಡಿ."

ಎರಡೇ ಫೇಸು

ಮಾಲೇಕಲ್ಲಿನ ಹತ್ತಿರದ ರೈತರೊಬ್ಬರಿಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಮಾರಿದ್ದೆ. ಸ್ವಲ್ಪ ದಿನಕ್ಕೇ ಚಾರ್ಜರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬಂದರು. ಕವರ್ ಬಿಚ್ಚುವ ಮೊದಲೇ ಸುಟ್ಟ ವಾಸನೆ ಅಂಗಡಿ ತುಂಬಿತು. ನಮ್ಮಪ್ಪನ ಅಂಗಡಿಯಲ್ಲಿ ಬೆಳೆದವಳಿಗೆ ಆ ವಾಸನೆಯ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲಿ ಹಾಕಿದ್ದಿರಿ ಅಂದೆ. ತೋಟದಲ್ಲಿ, ಬೋರಿನ ಮೋಟಾರ್ ಮನೆಯಲ್ಲಿ ಅಂದರು. ಮನೆಯ ಕರೆಂಟಿನಲ್ಲಿ ಚಾರ್ಜ್ ಆಗೋದು ನಿಧಾನ, ಮೋಟಾರಿಗೆ ತ್ರೀ ಫೇಸ್ ಬರುತ್ತದೆ, ಅಷ್ಟು ದೊಡ್ಡ ಮೋಟಾರನ್ನೇ ಎಳೆಯುವ ಕರೆಂಟು ಇಷ್ಟು ಚಿಕ್ಕ ಡಬ್ಬಿಯನ್ನು ತುಂಬಿಸಲಾರದೇ ಅಂತ ಚಾರ್ಜರಿನ ಪಿನ್ನು ಕತ್ತರಿಸಿ, ವೈರು ಸುಲಿದು, ಸ್ಟಾರ್ಟರಿಗೇ ಸಿಕ್ಕಿಸಿದ್ದಾರೆ.

ನನಗೆ ಮೈಯೆಲ್ಲ ಉರಿಯಿತು. ಪ್ರಾಣ ಹೋಗಿದ್ದರೆ ಯಾರು ಗತಿ ನಿಮ್ಮ ಮನೆಯವರಿಗೆ ಅಂತ ಕೇಳಿದೆ. ಚಾರ್ಜರಿನ ಬೆನ್ನ ಮೇಲೆ ಎಷ್ಟು ಕರೆಂಟು ಕೊಡಬೇಕು ಅಂತ ಬರೆದಿರುವುದನ್ನು ತೋರಿಸಿದೆ. ಇದಕ್ಕೆ ವಾರಂಟಿ ಇಲ್ಲ, ಇರುವುದೂ ಇಲ್ಲ, ಮನೆಯ ಪ್ಲಗ್ಗಿಗೆ ಬಿಟ್ಟು ಬೇರೆಲ್ಲೂ ಹಾಕಬೇಡಿ ಅಂದೆ.

ಅವರಿಗೂ ಕೋಪ ಬಂತು. ಕಂಪನಿಗೇ ಫೋನ್ ಮಾಡಿ ಹೇಳುತ್ತೇನೆ ಅಂದರು, ಮಾಡಿಯೂ ಮಾಡಿದರು, ನನ್ನ ಲೆಕ್ಕಕ್ಕೆ ಇನ್ನೊಂದು ದೂರು ಸೇರಿತು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಅನ್ಯಾಯವಾದವರ ದನಿಯಲ್ಲಿ ಹೇಳಿದರು:

"ಮೂರೂ ಫೇಸ್ ಕೊಟ್ಟಿದ್ರೆ ನೀನು ಬೈಯ್ಯೋದು ಸರಿ ಕಣವ್ವ. ಪಾಪ ಸಣ್ಣದು ಅಂತ ನಾನು ಕೊಟ್ಟಿದ್ದು ಎರಡೇ."

ಕೂತ ಮೇಲೆ ಏಳದ್ದು

ಬೇಲೂರಿನಲ್ಲಿ ಒಬ್ಬ ಬಡಗಿ ಇದ್ದಾರೆ. ಅವರು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಕಾಗದ ತೂರುವುದಿಲ್ಲ ಅಂತ ಹೆಸರುವಾಸಿ. ಅವರ ಹತ್ತಿರ ಬೇರೊಂದು ಕಂಪನಿಯ ಡ್ರಿಲ್ಲಿತ್ತು. ಬ್ಯಾಟರಿ ಮಾತ್ರ ನನ್ನಲ್ಲಿ ತಗೊಂಡರು. ಇದು ಅದಕ್ಕೆ ಆಗುವುದಿಲ್ಲ, ಒಂದೊಂದು ಕಂಪನಿಯವರು ಬ್ಯಾಟರಿ ಕೂರುವ ಜಾಗವನ್ನು ಒಂದೊಂದು ಥರ ಕೊರೆದಿರುತ್ತಾರೆ, ಬೇಕಂತಲೇ ಹಾಗೆ ಮಾಡುತ್ತಾರೆ, ನಾವು ಅವರದ್ದೇ ಕೊಳ್ಳಲಿ ಅಂತ, ಅಂತೆಲ್ಲ ಹೇಳಿದೆ. ಆ ವಿಷಯದಲ್ಲಿ ನನಗೂ ಕಂಪನಿಗಳ ಮೇಲೆ ಸಿಟ್ಟೇ. ಬಡಗಿ ಬ್ಯಾಟರಿಯ ಅಂಚಿನ ಮೇಲೆ ಬೆರಳಾಡಿಸಿ, ಅದು ನನಗೆ ಬಿಡಿ ಅಂದರು.

ಮತ್ತೆ ಬಂದಾಗ ಬ್ಯಾಟರಿ ಡ್ರಿಲ್ಲಿನಲ್ಲಿ ಕೂತಿತ್ತು. ಉಳಿಯಿಂದ ಅಂಚು ಕೆತ್ತಿ, ಮರಳು ಕಾಗದದಲ್ಲಿ ಉಜ್ಜಿ ಕೂರಿಸಿದ್ದರು. ಹುಟ್ಟಿದಾಗಿನಿಂದ ಜೊತೆಗಿದ್ದ ಹಾಗೆ ಕಾಣುತ್ತಿತ್ತು. ಡ್ರಿಲ್ಲು ತಿರುಗಿದ್ದೂ ನಿಜ, ಚಾರ್ಜು ಮುಗಿಯುವ ತನಕ. ಆಮೇಲೆ ಬ್ಯಾಟರಿ ಬಿಚ್ಚಿ ಚಾರ್ಜರಿಗೆ ಹಾಕಬೇಕಲ್ಲ, ಅದು ಈಚೆಗೆ ಬರುತ್ತಿರಲಿಲ್ಲ. ನಾನು ಎಳೆದೆ, ಅವರು ಎಳೆದರು, ಊಟಕ್ಕೆ ಕರೆಯಲು ಬಂದ ನಮ್ಮವರೂ ಎಳೆದರು, ಎಳೆಯುವ ಮುಂಚೆ ಒಮ್ಮೆ ಕುಲುಕಿ ನೋಡಿದರು.

ಹೀಗೂ ಬ್ಯಾಟರಿ ಹಾಳುಮಾಡುತ್ತಾರಾ, ಇದೇನು ಮನೆ ಬಾಗಿಲೇ ಅಂತ ರೇಗಿದೆ. ಬಡಗಿಗೆ ಬೇಜಾರೇ ಆಗಲಿಲ್ಲ. ಬಿಗಿಯಾಗಿ ಕೂತದ್ದನ್ನು ನೋಡಿ ಅವರ ಕಣ್ಣಲ್ಲಿ ಹೆಮ್ಮೆಯಿತ್ತು. "ಕೂತಿರೋದು ಚೆನ್ನಾಗ್ ಕೂತೈತೆ ಕಣಕ್ಕ, ಅದನ್ಯಾಕೆ ಬಿಚ್ಚೋದು" ಅಂದರು. "ಡ್ರಿಲ್ ಸಮೇತ ಹಿಡಿಸೋವಂಥ ಚಾರ್ಜರ್ ಇದ್ರೆ ತೋರ್ಸಿ."

ಪಾಲು

ಇಬ್ಬರು ಅಣ್ಣತಮ್ಮಂದಿರು ಒಟ್ಟಿಗೆ ಫ್ಯಾಬ್ರಿಕೇಶನ್ ಕೆಲಸ ಮಾಡುತ್ತಿದ್ದರು. ಬೇರೆಯಾಗುವಾಗ ಹಿರಿಯರನ್ನು ಕೂರಿಸಿಕೊಂಡು ಎಲ್ಲ ಪಾಲು ಮಾಡಿದರು. ಹಿರಿಯರಿಗೆ ಬ್ಯಾಟರಿ ಡ್ರಿಲ್ಲಿನ ವಿಷಯ ಏನು ಗೊತ್ತು? ಒಂದೇ ಡಬ್ಬದಲ್ಲಿ ಹಲವು ಸಾಮಾನು ಕಂಡವು. ಡ್ರಿಲ್ಲು ಅಣ್ಣನಿಗೆ, ಬ್ಯಾಟರಿ ಮತ್ತು ಚಾರ್ಜರು ತಮ್ಮನಿಗೆ ಅಂತ ತೀರ್ಪು ಕೊಟ್ಟು, ಕಾಫಿ ಕುಡಿದು ಎದ್ದುಹೋದರು.

ಮೊದಲು ಅಣ್ಣ ಬಂದು ಬ್ಯಾಟರಿಯ ಬೆಲೆ ಕೇಳಿದ. ಕೇಳಿದವನೇ ಬೆಂಚಿನ ಮೇಲೆ ಕೂತುಬಿಟ್ಟ. ನನಗೆ ಕೊಟ್ಟಿದ್ದು ದೊಡ್ಡ ಸಾಮಾನು, ಬೆಲೆ ಜಾಸ್ತಿ ಅವನ ಸಾಮಾನಿಗಾ ಅಂತ ಗೊಣಗಿದ. ಆಮೇಲೆ ತಮ್ಮ ಬಂದ. ಅವನಿಗೆ ಬ್ಯಾಟರಿ ಹಾಕಲು ಡ್ರಿಲ್ಲು ಬೇಕು. ಒಂದು ಸಾಮಾನನ್ನು ಇಬ್ಬರು ಬಳಸಲಾರದಷ್ಟು ಏನಾಗಿದೆ ನಿಮಗೆ ಅಂತ ಇಬ್ಬರನ್ನೂ ಒಟ್ಟಿಗೆ ಕರೆಸಿ ಬೈದೆ. ಒಬ್ಬರದ್ದನ್ನು ಒಬ್ಬರು ಕೊಟ್ಟು ತಗೊಳ್ಳಿ ಅಂದೆ. ಕೊನೆಗೆ ಒಪ್ಪಿದರು. ಒಂದು ಮನೆ ಉಳಿಸಿದೆ ಅಂತ ನನಗೂ ಖುಷಿಯಾಯಿತು.

ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಅಣ್ಣ ಬ್ಯಾಟರಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಇನ್ನೇನು ಅಂದೆ. ಬ್ಯಾಟರಿಯೇನೋ ಕೊಟ್ಟ, ಖಾಲಿ ಮಾಡಿ ಕೊಟ್ಟ, ಸ್ವಲ್ಪ ನಿಮ್ಮಲ್ಲಿ ಚಾರ್ಜಿಗೆ ಹಾಕಿ ಅಂದ. ತಮ್ಮನಿಗೆ ಫೋನ್ ಮಾಡಿ ಇದೇನು ನ್ಯಾಯ ಅಂತ ಕೇಳಿದೆ.

"ಬ್ಯಾಟರಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ ಕಣಕ್ಕ, ಕೊಟ್ಟಿದೀನಿ" ಅಂದ. "ಚಾರ್ಜು ನನ್ ಪಾಲಿಂದು."

ಹಣೆ ಎಲ್ಲಿದೆ?

ಆಯುಧ ಪೂಜೆಯ ಮಾರನೆಯ ದಿನ ನನಗೆ ಅಂಗಡಿ ತೆಗೆಯಲು ಭಯ. ನನ್ನ ಅಂಗಡಿಯಲ್ಲೂ ಪೂಜೆ ಮಾಡುತ್ತೇನೆ, ಎಲ್ಲ ಸಾಮಾನಿಗೂ ವಿಭೂತಿ, ಕುಂಕುಮ, ಸೇವಂತಿಗೆ ಆಗಲೇಬೇಕು. ಆದರೆ ಬ್ಯಾಟರಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಮೇಲುಮೈಗೆ ಮಾತ್ರ ಹಚ್ಚುತ್ತೇನೆ.

ಈ ಸಲ ಮೊದಲು ಬಂದವರು ಹಳೇಬೀಡಿನ ಕಲ್ಲು ಕೆತ್ತುವವರು. ಪ್ರವಾಸಿಗರಿಗೆ ಮಾರುವ ಸಣ್ಣ ಆನೆ, ಗಣಪತಿ ಮಾಡುತ್ತಾರೆ. ನುಣುಪು ಮಾಡಲು ಬ್ಯಾಟರಿ ಗ್ರೈಂಡರ್ ಇಟ್ಟುಕೊಂಡಿದ್ದಾರೆ. ಟವೆಲ್ಲಿನಲ್ಲಿ ಸುತ್ತಿದ್ದ ಬ್ಯಾಟರಿಯನ್ನು ಕೌಂಟರಿನ ಮೇಲಿಟ್ಟು, ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಉಸಿರೇ ಇಲ್ಲ ಅಂದರು. ನೋಡಿದರೆ ಡ್ರಿಲ್ಲಿಗೋ ಗ್ರೈಂಡರಿಗೋ ಕರೆಂಟು ಹೋಗುವ ಹಿತ್ತಾಳೆಯ ಎಸಳುಗಳ ಮೇಲೆ ಅಡ್ಡಡ್ಡ ಮೂರು ಎಳೆ ವಿಭೂತಿ. ನಡುವೆ ಕುಂಕುಮ. ಸಂದಿಗಳಲ್ಲೆಲ್ಲ ಗಂಧ ಗಟ್ಟಿಯಾಗಿತ್ತು.

ಇಷ್ಟು ದೊಡ್ಡ ಮೈ ಇದೆಯಲ್ಲ, ಅದನ್ನು ಬಿಟ್ಟು ಹುಡುಕಿಕೊಂಡು ಹೋಗಿ ಇಲ್ಲಿಗೇ ಯಾಕೆ ಹಚ್ಚಿದಿರಿ ಅಂತ ಕೂಗಿದೆ.

ಅವರು ನಿಧಾನವಾಗಿ ಉತ್ತರ ಕೊಟ್ಟರು. "ವಿಭೂತಿ ಹಚ್ಚೋದು ಹಣೆಗಲ್ವೇನಕ್ಕ? ಶಕ್ತಿ ಎಲ್ಲಿಂದ ಬತ್ತದೋ ಅದೇ ಹಣೆ."

ಇದಕ್ಕೆ ಏನು ಹೇಳುತ್ತೀರಿ? ಹಳೆಯ ಹಲ್ಲುಜ್ಜುವ ಬ್ರಶ್ಶು ತಗೊಂಡು ಕೂತು ಎಲ್ಲ ಕೆರೆದು ಒರೆಸಿದೆ. ಅಂಗಡಿಯ ಗ್ರೈಂಡರಿಗೆ ಹಾಕಿದರೆ ಗುರ್ ಅಂತು. ತಗೊಂಡು ಹೋಗಿ ಅಂದರೆ ಅವರು ಕದಲಲಿಲ್ಲ.

"ಮಾಡಿದ್ ಪೂಜೆನೆಲ್ಲ ಒರ್ಸಾಕ್ಬಿಟ್ರಲ್ಲ" ಅಂದರು. "ಇನ್ನೊಂದ್ಸಲ ನೀವೇ ಹಚ್ಕೊಡಿ."

ಕೈತೊಳೆದುಕೊಂಡು, ಬ್ಯಾಟರಿಯ ಬೆನ್ನಿಗೆ ವಿಭೂತಿ ಹಚ್ಚಿ, ಕಡ್ಲೆಪುರಿ ಕೊಟ್ಟು ಕಳಿಸಿದೆ. ಇದಕ್ಕೂ ಕಂಪನಿ ನನಗೆ ತರಬೇತಿ ಕೊಟ್ಟಿರಲಿಲ್ಲ.

ಬೋರ್ಡು ಬಿಚ್ಚಲು ಬಂದವನು

ಆ ವಾರದಲ್ಲೇ ಏರಿಯಾ ಮ್ಯಾನೇಜರ್ ಬಂದ. ಕಂಪನಿಯ ಟೀ ಶರ್ಟು, ಕೈಯಲ್ಲಿ ಸೂಟ್‌ಕೇಸಿನಂಥ ಪೆಟ್ಟಿಗೆ. ಬೆಂಚಿನ ಮೇಲೆ ಜಾವಗಲ್ಲಿನವರು ಕೂತಿದ್ದರು. ಈ ಸಲ ಅವರಿಗೆ ಇನ್ನೊಂದು ಚಾರ್ಜರ್ ಬೇಕಿತ್ತು, ಎಂದಿನಂತೆ ನಮ್ಮ ಯಜಮಾನರಿಗೆ ಕಾಯುತ್ತಿದ್ದರು.

ಮ್ಯಾನೇಜರ್ ಅಂಗಡಿಯನ್ನೆಲ್ಲ ಕಣ್ಣಾಡಿಸಿದ. ಡ್ರಿಲ್ಲುಗಳ ಮೇಲೆ ವಿಭೂತಿ ಕಂಡಿತು. ಅಷ್ಟು ಸಾಕಾಯಿತು ಅವನಿಗೆ. ಇದೇ ಕಾರಣ ಮೇಡಮ್, ಈ ಕಡೆಯವರಿಗೆ ಎಲೆಕ್ಟ್ರಾನಿಕ್ಸ್ ಅಂದರೇನು ಅಂತಲೇ ಗೊತ್ತಿಲ್ಲ, ನೀವೇ ಹೀಗೆ ಹಚ್ಚಿದರೆ ಗಿರಾಕಿಗಳು ಇನ್ನೇನು ಮಾಡುತ್ತಾರೆ ಅಂತ ಶುರುಮಾಡಿದ. ಬ್ಯಾಟರಿಗಳಿಗೆಲ್ಲ ಮುಚ್ಚಳ ಹಾಕಿದ್ದೆ, ಒಂದರ ಬಾಯಿಗೂ ಏನೂ ತಾಗಿಲ್ಲ ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆಯಿಂದ ಬ್ಯಾಟರಿ ಪರೀಕ್ಷಿಸುವ ಯಂತ್ರ ತೆಗೆದಿಟ್ಟ. ನಾವು ಬೆಂಗಳೂರಿಗೆ ಕಳಿಸಿದ ಬ್ಯಾಟರಿಗಳ ಹಣೆಬರಹವನ್ನೆಲ್ಲ ತೀರ್ಮಾನಿಸುವುದು ಅದೇ ಯಂತ್ರವಂತೆ.

ನನ್ನ ಅಂಗಡಿಯ ಬ್ಯಾಟರಿ ಒಂದನ್ನು ಅದರಲ್ಲಿ ಕೂರಿಸಿದ. ಕೆಂಪು ದೀಪ ಹತ್ತಿತು, ಸತ್ತಿದೆ ಅಂತ. ಇನ್ನೊಂದು ಹಾಕಿದ. ಅದೂ ಸತ್ತಿದೆ. ಸೀಲು ಒಡೆಯದ ಹೊಸ ಡಬ್ಬ ನಾನೇ ಬಿಚ್ಚಿಕೊಟ್ಟೆ. ಅದೂ ಸತ್ತಿದೆ ಅಂದಿತು ಯಂತ್ರ.

"ನಿಮ್ ಸ್ಟಾಕೇ ಸತ್ತೋಗಿದೆ ಮೇಡಮ್. ಬೋರ್ಡ್ ಬಿಚ್ಚಿಸ್ತೀನಿ. ನಿಮ್ ಹಸ್ಬೆಂಡನ್ನ ಕರೀರಿ, ಇದು ಟೆಕ್ನಿಕಲ್ ವಿಷ್ಯ."

ಕರೆದೆ. ನಮ್ಮವರು ಕೊಬ್ಬರಿಯ ದೂಳಿನಲ್ಲೇ ಓಡಿಬಂದರು. ಮ್ಯಾನೇಜರ್ ಅವರಿಗೆ ಎಲ್ಲವನ್ನೂ ಮೊದಲಿನಿಂದ ವಿವರಿಸಿದ. ನಮ್ಮವರು ತಲೆಯಾಡಿಸಿ ಕೇಳಿ, ಹೊಸ ಬ್ಯಾಟರಿಯನ್ನು ಎತ್ತಿ ಕಿವಿಯ ಹತ್ತಿರ ಕುಲುಕಿ, ನನ್ನ ಕಡೆ ತಿರುಗಿ, "ಏನೇ ಇದು?" ಅಂದರು.

ಅವರ ಕೈಯಿಂದ ಬ್ಯಾಟರಿ ಕಿತ್ತುಕೊಂಡೆ. ಚಾರ್ಜು ಎಷ್ಟಿದೆ ಅಂತ ತೋರಿಸುವ ಗುಂಡಿ ಅದರ ಮೈಮೇಲೇ ಇರುತ್ತದೆ. ಒತ್ತಿದೆ, ದೀಪಗಳು ಹತ್ತಿದವು. ಡ್ರಿಲ್ಲಿಗೆ ಹಾಕಿ ಒತ್ತಿದೆ, ಮ್ಯಾನೇಜರನ ಕಿವಿಯ ಹತ್ತಿರವೇ ತಿರುಗಿತು. ಬ್ಯಾಟರಿ ಬದುಕಿದೆ ಅಂದಮೇಲೆ ಸತ್ತಿರುವುದು ಯಾವುದು? ಯಂತ್ರವನ್ನು ನನ್ನ ಕಡೆ ಎಳೆದುಕೊಂಡು, ಬ್ಯಾಟರಿ ಕೂರುವ ಜಾಗಕ್ಕೆ ಟಾರ್ಚು ಬಿಟ್ಟು ನೋಡಿದೆ.

ಒಳಗೆ ಹಿತ್ತಾಳೆ ಕಾಣಿಸಲೇ ಇಲ್ಲ. ಮೇಲೆ ಈ ವರ್ಷದ ಹಸಿ ಕುಂಕುಮ, ಅದರ ಕೆಳಗೆ ಹೋದ ವರ್ಷದ ಗಂಧ, ಅದರ ಕೆಳಗೆ ಇನ್ನೂ ಹಳೆಯ ಅರಿಶಿನ. ಮೂಲೆಯಲ್ಲಿ ಒಣಗಿದ ಸೇವಂತಿಗೆಯ ಎಸಳು. ಕಂಪನಿಯ ಆಫೀಸಿನಲ್ಲಿ ಪೂಜೆ ಬಹಳ ಜೋರಾಗಿ ನಡೆಯುತ್ತದೆ ಅಂತ ಕಾಣುತ್ತದೆ.

ಹಳೇಬೀಡಿನವರ ಹಣೆ ಉಜ್ಜಿದ ಅದೇ ಬ್ರಶ್ಶು ತಗೊಂಡು ಉಜ್ಜಿದೆ. ಬ್ಯಾಟರಿಗಳನ್ನು ಒಂದೊಂದಾಗಿ ಮತ್ತೆ ಕೂರಿಸಿದೆ. ಎಲ್ಲಕ್ಕೂ ಹಸಿರು ದೀಪ. ಇಷ್ಟು ದಿನ ನಾನು ಕಳಿಸಿದ ಬ್ಯಾಟರಿಗಳನ್ನು ಸತ್ತಿವೆ ಅಂದದ್ದು ಇದೇ ಯಂತ್ರವೇ, ಅವುಗಳ ಸಲುವಾಗಿ ನಾನು ಬೈಸಿಕೊಂಡದ್ದೂ ಈ ಕುಂಕುಮಕ್ಕೇ ಅಂತ ಕೇಳಿದೆ. ಮ್ಯಾನೇಜರ್ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿದ. ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿಸುತ್ತೇನೆ, ಚೆನ್ನಾಗಿರುವುದನ್ನು ವಾಪಸು ಕಳಿಸಿಕೊಡುತ್ತೇನೆ ಅಂದ. ಬೋರ್ಡಿನ ಮಾತು ಕೇಳಿದ್ದಕ್ಕೆ, ಅಲ್ಲೇ ಇರಲಿ ಮೇಡಮ್ ಅಂದ.

ಇಷ್ಟಕ್ಕೇ ಬಿಡುವವಳಲ್ಲ ನಾನು. "ಸಾರ್, ನಿಮ್ ಆಫೀಸಲ್ಲಿ ಯಜಮಾನ್ರು ಇಲ್ವಾ?" ಅಂದೆ. "ಇದ್ರೆ ಕರೀರಿ. ಇದು ಟೆಕ್ನಿಕಲ್ ವಿಷ್ಯ."

ಎಲ್ಲವನ್ನೂ ನೋಡುತ್ತಿದ್ದ ಜಾವಗಲ್ಲಿನವರು ಬೆಂಚಿನಿಂದ ಎದ್ದರು. ಅಲ್ಲಿಗೆ ಕೈತೋರಿಸಿ, ನಿಮ್ಮವರು ಬರುವ ತನಕ ಕೂತಿರಿ ಅಂತ ಮ್ಯಾನೇಜರಿಗೆ ಜಾಗ ಬಿಟ್ಟುಕೊಟ್ಟರು. ಆಮೇಲೆ ಟವೆಲ್ಲು ಸರಿಮಾಡಿಕೊಂಡು ಸೀದಾ ಕೌಂಟರಿನ ಹತ್ತಿರ ಬಂದು, ನನ್ನ ಎದುರು ನಿಂತು, ನನ್ನ ಬ್ಯಾಟರಿಗೆ ಯಾವ ಚಾರ್ಜರ್ ಆಗುತ್ತದಮ್ಮ ಅಂತ ಕೇಳಿದರು.

ನಮ್ಮ ಯಜಮಾನರು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡರು. ಜಾವಗಲ್ಲಿನವರು ಅವರ ಕಡೆ ಕೈ ಅಡ್ಡ ಹಿಡಿದರು.

"ನೀವ್ ಸುಮ್ನಿರಿ ಸ್ವಾಮಿ. ಗೊತ್ತಿರೋರ್ನ ಕೇಳ್ತಾ ಇವ್ನಿ."